ಬೆರಳುರಾಣಿ ಬಾಯಿ ಬಿಟ್ಟಳು

ಸೈಕಲ್ ರಿಪೇರಿ ತಾತನಿಗೆ ಮೊಮ್ಮಗಳೆಂದರೆ ಪಂಚಪ್ರಾಣ. ಮೂರು ವರ್ಷ ತುಂಬಿದರೂ ಅವಳಿಗೆ ಮಾತು ಬಂದಿರಲಿಲ್ಲ. ಬೇಕಾದ್ದರ ಕಡೆ ಬೆರಳು ತೋರಿಸಿದರೆ ಸಾಕು, ತಾತ ಪಂಕ್ಚರ್ ಹಾಕುವುದನ್ನು ಅರ್ಧಕ್ಕೇ ಬಿಟ್ಟು ಓಡುತ್ತಿದ್ದ. ಬೀದಿಯವರು ಅವಳಿಗೆ ಬೆರಳುರಾಣಿ ಎಂದೇ ಹೆಸರಿಟ್ಟಿದ್ದರು. ತಾತನಿಗೆ ಅದೂ ಹೆಮ್ಮೆಯೇ! ಮಗುವಿನ ಅಮ್ಮ, ಅಂದರೆ ತಾತನ ಮಗಳು ಮಾತ್ರ ಒಳಗೊಳಗೇ ಕೊರಗುತ್ತಿದ್ದಳು.

ಆರೋಗ್ಯ ಕೇಂದ್ರದಲ್ಲಿ ಕಿವಿ, ಗಂಟಲು ಎಲ್ಲ ಪರೀಕ್ಷೆ ಮಾಡಿಸಿದ್ದಾಯಿತು. ಏನೂ ತೊಂದರೆ ಇರಲಿಲ್ಲ. "ಶಿಶುವಿಹಾರಕ್ಕೆ ಕಳಿಸಿ. ಸ್ವಲ್ಪ ದಿನ ಬಿಟ್ಟು ಮತ್ತೆ ಕರ್ಕೊಂಡು ಬನ್ನಿ," ಎಂದರು ನರ್ಸಮ್ಮ.

"ಆಟ ಆಡಿಸೋಕೆ ನಾನೇನು ಸತ್ತಿದ್ದೀನಾ?" ತಾತ ಗುರ್ರೆಂದ. "ಅಲ್ಲಿ ಒಂದಕ್ಷರಾನೂ ಕಲಿಸಲ್ವಂತೆ. ಮರಳು, ಮಣಿ, ಚೆಂಡು. ಅದಕ್ಕೊಬ್ಬ ಟೀಚರಮ್ಮ ಬೇರೆ!"

"ಅಪ್ಪಾ, ನಾಳೆ ಇವಳಿಗೆ ಹೊಟ್ಟೆನೋವು ಬಂದ್ರೆ ಯಾವ ಬೆರಳು ತೋರಿಸಿ ಹೇಳ್ತಾಳೆ?" ಎಂದಳು ಮಗಳು.

ಮರುದಿನ ತಾತನೇ ಮಗುವನ್ನು ಸೈಕಲ್ ಮೇಲೆ ಕೂರಿಸಿಕೊಂಡು ಶಿಶುವಿಹಾರಕ್ಕೆ ಹೊರಟ.

ಮಗುವನ್ನು ಬಿಟ್ಟು ಬಂದ ಮೊದಲ ದಿನ ಅವನ ಕೈ ಕೆಲಸಕ್ಕೆ ಬಗ್ಗಲೇ ಇಲ್ಲ. ಅಂಗಡಿಗೆ ಬೀಗ ಜಡಿದು ಶಿಶುವಿಹಾರದ ಕಿಟಕಿಗೆ ಹೋಗಿ ನಿಂತ. ಒಳಗೆ ಗುಡಿಸಿ ಒರೆಸಿದ ನೆಲ, ಮಕ್ಕಳ ಕೈಗೆಟುಕುವ ಕಪಾಟು. ರಾಣಿ ಎಂದಿನಂತೆ ಬೆರಳು ಚಾಚಿದ್ದಳು. ಟೀಚರಮ್ಮ ಅವಳೆದುರು ನೆಲದ ಮೇಲೇ ಕೂತು, ಎರಡು ಕೈಯಲ್ಲಿ ಎರಡು ಆಟಿಕೆ ಹಿಡಿದು, "ಚೆಂಡಾ ಪುಟ್ಟಿ? ಬಂಡಿಯಾ?" ಎಂದು ಕೇಳಿ ನಗುತ್ತಾ ಕಾದರು. ಮಗುವಿನ ತುಟಿ ಅಲುಗಿತು.

ತಾತನಿಗೆ ತಡೆಯಲಾಗಲಿಲ್ಲ. ಒಳಗೆ ನುಗ್ಗಿದವನೇ ಚೆಂಡು ಕಿತ್ತು ಮಗುವಿಗೆ ಕೊಟ್ಟ. "ಕೂಸನ್ನ ಯಾಕಮ್ಮ ಹೀಗೆ ಸತಾಯಿಸ್ತೀರ?"

"ಅಯ್ಯೋ ತಾತಾ! ಇನ್ನೇನು ಬಾಯಿ ಬಿಡೋದ್ರಲ್ಲಿದ್ಲು!" ಟೀಚರಮ್ಮ ನಕ್ಕೇಬಿಟ್ಟರು. "ಕೇಳೋ ಮುಂಚೇನೇ ಎಲ್ಲ ಸಿಕ್ಕಿದ್ರೆ ಮಗು ಯಾಕೆ ಮಾತಾಡುತ್ತೆ ಹೇಳಿ? ಅಳೋವರೆಗೂ ನಾನು ಕಾಯಿಸಲ್ಲ. ಒಂದು ಗಳಿಗೆ ನೋಡ್ತೀನಿ, ಹೇಳದಿದ್ರೆ ನಾನೇ 'ಚೆಂಡು' ಅಂತ ಹೇಳಿ ಕೊಡ್ತೀನಿ. ಮೊದಲು ಮಾತು ಬರಲಿ ತಾತಾ, ಅಕ್ಷರಕ್ಕೆ ಅದೇ ಬುನಾದಿ."

ತಾತ ಮಗುವಿನ ಕೈಯಲ್ಲಿದ್ದ ಚೆಂಡನ್ನೇ ನೋಡಿದ. ಪ್ರೀತಿಯಿಂದಲೇ ಮಗುವಿನ ಬಾಯಿ ಕಟ್ಟಿಹಾಕಿದ್ದೆನಲ್ಲಾ!

ಅಂದಿನಿಂದ ಅಂಗಡಿಯಲ್ಲೂ ಅದೇ ಪಾಠ. "ಪಂಪಾ? ಗಂಟೆಯಾ?" ಎಂದು ಕೇಳಿ, ತುಟಿ ಕಚ್ಚಿಕೊಂಡು ಕಾಯುವಷ್ಟರಲ್ಲಿ ತಾತನಿಗೆ ಸಾಕುಸಾಕಾಗುತ್ತಿತ್ತು. ಆದರೂ ಬಿಡಲಿಲ್ಲ. ಒಂದೊಂದೇ ಪದ ಹೊರಬರತೊಡಗಿತು.

ಕೆಲವು ತಿಂಗಳು ಕಳೆದವು. ಒಂದು ಮಧ್ಯಾಹ್ನ ತಾತ ಗಿರಾಕಿಗಳ ಎದುರಿಗೆ, ಗ್ರೀಸು ಮೆತ್ತಿದ ಕೈಯಲ್ಲೇ ಬುತ್ತಿ ಬಿಚ್ಚಿದ. ಶಿಶುವಿಹಾರದಿಂದ ಆಗಷ್ಟೇ ಬಂದಿದ್ದ ಮೊಮ್ಮಗಳು ಸೊಂಟದ ಮೇಲೆ ಕೈಯಿಟ್ಟು ಗದರಿದಳು: "ತಾತಾ, ಕೈ ತೊಳ್ಕೊಂಡು ಊಟ ಮಾಡು!"

ಅಂಗಡಿಗೆ ಅಂಗಡಿಯೇ ಚಪ್ಪಾಳೆ ತಟ್ಟಿತು. "ಕೇಳಿದ್ರೇನ್ರೋ? ನನ್ನ ಮೊಮ್ಮಗಳು ನನ್ನ ಬೈದ್ಲು ಕಣ್ರೋ!" ತಾತ ಕಣ್ಣೊರೆಸಿಕೊಳ್ಳುತ್ತಾ ಬೀದಿಯುದ್ದಕ್ಕೂ ಸಾರಿ ಬಂದ. ಆಮೇಲೆ ಸೋಪು ಹಾಕಿ ಕೈ ತೊಳೆದ. ಸಂಜೆ ಕೆಲಸದಿಂದ ಬಂದ ಮಗಳನ್ನು ಬಾಗಿಲಲ್ಲೇ ನಿಲ್ಲಿಸಿ ಆ ಮಾತನ್ನು ಮೊಮ್ಮಗಳ ಬಾಯಲ್ಲಿ ಇನ್ನೊಮ್ಮೆ ಹೇಳಿಸಿದ. ಅವಳು ಕೂಸನ್ನು ಎತ್ತಿಕೊಂಡು ಕುಣಿದೇಬಿಟ್ಟಳು.

ಅಪ್ಪ ಅಮ್ಮಂದಿರೇ, ಅಜ್ಜ ಅಜ್ಜಿಯರೇ, ನಿಮ್ಮೂರ ಶಿಶುವಿಹಾರಕ್ಕೆ ಒಮ್ಮೆ ಹೋಗಿ ನೋಡಿ. ಜಾಗ ಚೊಕ್ಕಟವಾಗಿದೆಯಾ? ಟೀಚರ್ ಮಗುವಿನ ಎತ್ತರಕ್ಕೆ ಕೂತು ಮಾತಾಡಿಸುತ್ತಾರಾ, ಉತ್ತರಕ್ಕೆ ಕಾಯುತ್ತಾರಾ? ಇಲ್ಲವಾದರೆ ಯಾಕಿಲ್ಲ ಎಂದು ಧೈರ್ಯವಾಗಿ ಕೇಳಿ. ಹೌದಾದರೆ ಮಗುವನ್ನು ದಿನಾ ತಪ್ಪದೆ ಕಳಿಸಿ. ಮಾತು ತಡವಾದರೆ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಮನೆಯಲ್ಲೂ ಮಗುವನ್ನು ಕೇಳಿ, ಕಾಯಿರಿ, ಕಿವಿಗೊಡಿ. ನಿಮ್ಮ ಕೂಸೂ ಒಂದು ದಿನ ನಿಮ್ಮನ್ನು ಗದರಲಿ!