ಎರಡನೇ ಸುತ್ತಿನ ನೀರು

ಪಂಪೇಶ್ ಟ್ಯಾಂಕರಿನ ವಾಲ್ವ್ ತೆರೆದ, ಮತ್ತೆ ಮುಚ್ಚಿದ. ರೇಣುಕಾದೇವಿಯ ಅಂಗಡಿ ಇನ್ನೂ ಅರ್ಧ ಕಿಲೋಮೀಟರ್ ದೂರವಿತ್ತು. ನೀರು ಇಲ್ಲೇ ಮುಗಿದುಹೋದರೆ ಅಲ್ಲಿಗೆ ಏನೂ ಉಳಿಯುವುದಿಲ್ಲ.

ಅದಿರಿನ ಲಾರಿಗಳು ಎಬ್ಬಿಸುವ ಕೆಂಧೂಳು ಅಡಗಲೆಂದು ಸಂಡೂರಿನ ಆ ರಸ್ತೆಗೆ ದಿನಕ್ಕೆ ಮೂರು ಸಲ ನೀರು ಹೊಡೆಯುವುದು ಅವನ ಕೆಲಸ. ಅವಳ ಅಂಗಡಿಯ ಮುಂದೆ ಮಾತ್ರ ಗಾಡಿ ಹಿಂದಕ್ಕೆ ತೆಗೆದು ಇನ್ನೊಂದು ಸುತ್ತು ಹೊಡೆಯುತ್ತಿದ್ದ. ಅವಳ ಮಿರ್ಚಿ ಭಜಿಯ ಮೇಲೆ ಧೂಳು ಕೂರಬಾರದು ನೋಡಿ! ಹೆಂಡತಿ ಸತ್ತು ಆರು ವರ್ಷವಾದ ಗಂಡಸು, ಗಂಡನಿಲ್ಲದವಳಿಗೆ ಒಂದು ಮಾತು ಹೇಳಲಾರದೆ ಎರಡು ವರ್ಷ ನೀರು ಸುರಿದ. ಕಂಪನಿಯ ನೀರು, ಅವನಪ್ಪನ ಗಂಟೇನು ಹೋಗಬೇಕು?

ನಾಳೆಯಿಂದ ಅದಿರು ಗಣಿಯಿಂದ ನೇರ ಕನ್ವೇಯರ್ ಬೆಲ್ಟಿನ ಮೇಲೆ ಹೋಗುತ್ತದೆ. ಲಾರಿ ಇಲ್ಲ, ಧೂಳಿಲ್ಲ, ಟ್ಯಾಂಕರಿನ ಕೆಲಸವೂ ಇಲ್ಲ. ಗಿರಾಕಿಗಳು ಕಡಿಮೆಯಾಗುತ್ತಾರೆಂದು ಅವಳು ಕಂಪ್ಲಿಯ ಅಕ್ಕನ ಮನೆಗೆ ಹೊರಟಿದ್ದಾಳೆ. ಹೇಳುವುದಿದ್ದರೆ ಇವತ್ತೇ ಹೇಳಬೇಕು. ಬೆಳಿಗ್ಗೆಯಿಂದ ಎರಡು ಸಲ ಹಾದುಹೋದ. ಎರಡು ಸಲವೂ ನೀರು ಹೊಡೆದು, ಇಳಿಯದೆ ಮುಂದೆ ಹೋದ.

ಮೂರನೇ ಸಲ ಇಳಿದ. ಬಾಗಿಲ ಬಳಿ ಅವಳ ಬಟ್ಟೆಯ ಗಂಟಿತ್ತು. ಅವಳು ಹೊಗೆಯಲ್ಲಿ ಕೂತು ಒಲೆ ಊದುತ್ತಿದ್ದಳು.

"ಕಟ್ಟಿಗಿ ಹಸಿ ಅದಾವೇನ್ರಿ?" ಎಂದ.

"ದಿನಾ ನೀವ ತೋಯಿಸ್ತೀರಲ್ರಿ."

ಅವನಿಗೆ ತಿಳಿಯಲಿಲ್ಲ. ಅವಳು ಊದುಗೊಳವೆ ಕೆಳಗಿಟ್ಟಳು.

"ಒಂದು ಸುತ್ತಿಗೆ ಧೂಳು ಕುಂದರತೈತಿ. ಎರಡನೇ ಸುತ್ತಿಗೆ ನೀರು ಸಿಡದು ಕಟ್ಟಿಗಿ ತೊಯ್ತಾವ, ಬಾಕಲ ಮುಂದ ಕೆಸರಾಗತೈತಿ. ಡ್ರೈವರ್ ಮಂದಿ ಕೆಸರು ತುಳಿಯೋದು ಬ್ಯಾಡ ಅಂತ ಆಚೆ ಅಂಗಡಿಗೆ ಹೋಗ್ತಾರ."

ಎರಡು ವರ್ಷ ಪ್ರೀತಿಯೆಂದು ಸುರಿದದ್ದು ಅವಳ ಬಾಗಿಲಿಗೆ ಕೆಸರಾಗಿತ್ತು. ನಾಚಿಕೆಯಿಂದ ಭೂಮಿಗಿಳಿದುಹೋದ.

"ಒಂದ್ ಮಾತು ಹೇಳಬಾರದಿತ್ತೇನ್ರಿ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೇಳಿದ್ರ ನೀವು ನಿಲ್ಲಿಸ್ತಿದ್ರಿ."

ಪಂಪೇಶ್ ಬಾಗಿಲ ಬಳಿಯ ಗಂಟನ್ನು ನೋಡಿದ.

"ಕಂಪ್ಲಿಗೆ ಹೋಗಬ್ಯಾಡ್ರಿ," ಎಂದ. "ನಾ ಇದೀನಿ."

ಅವಳು ಎದ್ದು ಹೊರಗೆ ನಿಂತಿದ್ದ ಟ್ಯಾಂಕರಿನ ಕಡೆ ನೋಡಿದಳು.

"ಟ್ಯಾಂಕಿನ್ಯಾಗ ನೀರು ಉಳದೈತೇನ್ರಿ?"

"ಐತ್ರಿ."

"ಹಂಗಾರ ಒಂದೀಟು ತಡೀರಿ."

ಅವಳು ಗಂಟನ್ನು ಪಕ್ಕಕ್ಕೆ ಸರಿಸಿದಳು. ಹೊರಗಿದ್ದ ಕಟ್ಟಿಗೆಯನ್ನೆಲ್ಲ ಒಂದೊಂದಾಗಿ ಒಳಗೆ ಒಯ್ದು ಒಣ ಜಾಗದಲ್ಲಿ ಜೋಡಿಸಿ, ಬಂದು ಬಾಗಿಲಲ್ಲಿ ನಿಂತಳು. ಅವನು ಗಾಡಿಯನ್ನು ಹಿಂದಕ್ಕೆ ತೆಗೆದ.