ಗೋಡೆಯಾಚೆಯ ಕರ್ಪೂರ

ಮೋಟೆಬೆನ್ನೂರಿನ ಹತ್ತಿರ ರುದ್ರಮುನಿ ಹಾಕಿದ್ದ ಕಾರ್ಖಾನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯಿಂದ ಬಣ್ಣ ತೆಗೆಯುತ್ತಿದ್ದರು. ಅದಕ್ಕೆ ಬಳಸುವ ಹೆಕ್ಸೇನ್ ಅಂದರೆ ಪೆಟ್ರೋಲಿನ ಖಾಸಾ ತಮ್ಮ. ಒಂದು ಕಿಡಿ ಕಂಡರೆ ಮುಗಿಯಿತು. ಹಾಗಾಗಿ ಬೆಂಕಿಯ ಅಪಾಯ ಪರೀಕ್ಷಿಸಲು ಹಾವೇರಿಯಿಂದ ಭುವನಾ ಬಂದ ದಿನ ರುದ್ರಮುನಿ ಎದೆಯುಬ್ಬಿಸಿಕೊಂಡೇ ನಿಂತಿದ್ದ. ಟ್ಯಾಂಕಿನ ಸುತ್ತ ಕೆಂಪು ಸಿಲಿಂಡರುಗಳು, ಮರಳಿನ ಬಕೆಟ್ಟುಗಳು, ಗೇಟಿನಲ್ಲೇ ಎಲ್ಲರ ಬೀಡಿ, ಬೆಂಕಿಪೊಟ್ಟಣ, ಮೊಬೈಲು ಜಪ್ತಿ. ಇನ್ನೇನು ಬೇಕಂತೆ ಈ ಹುಡುಗಿಗೆ?

ಹುಡುಗಿ ಸಿಲಿಂಡರುಗಳ ಕಡೆ ಒಮ್ಮೆ ಕಣ್ಣಾಡಿಸಿ, "ಮಳಿ ಆದ್ರ ಇಲ್ಲಿ ನೀರು ಎಲ್ಲಿಗೆ ಹೋಗತಾವ್ರಿ?" ಎಂದಳು.

"ನೀರಿನ ಮಾತ್ಯಾಕ್ರಿ ಮೇಡಂ? ನಾವು ಬೆಂಕಿ ಬಗ್ಗೆ ಮಾತಾಡಾಕತ್ತೇವಿ."

"ಹೆಕ್ಸೇನ್ ಆವಿ ಗಾಳಿಗಿಂತ ಭಾರ. ಮ್ಯಾಲೆ ಏರೂದಿಲ್ಲ, ನೀರಿನಂಗ ತಗ್ಗು ಹುಡುಕ್ಕೊಂಡು ಹೋಗತೈತಿ. ಗಟಾರ ತೋರಸ್ರಿ."

ಇಷ್ಟೆಲ್ಲ ಖರ್ಚು ಮಾಡಿ ಕೊನೆಗೆ ಗಟಾರ ತೋರಿಸಬೇಕಾಯಿತಲ್ಲ ಎಂದು ರುದ್ರಮುನಿಯ ಮುಖ ಸಣ್ಣದಾಯಿತು. ಆಗ ಟ್ಯಾಂಕರಿನಿಂದ ಹೆಕ್ಸೇನ್ ಇಳಿಯುತ್ತಿತ್ತು. ಭುವನಾ ಪೈಪಿನ ಜೋಡಣೆಯ ಕೆಳಗೆ ಬಗ್ಗಿ, ಸಣ್ಣಗೆ ತೊಟ್ಟಿಕ್ಕುವುದನ್ನು ನೋಡಿದವಳೇ ಪಂಪು ನಿಲ್ಲಿಸಿದಳು. ಕೈಯಲ್ಲಿದ್ದ, ಆವಿ ಪತ್ತೆಹಚ್ಚುವ ಮೀಟರನ್ನು ಗಟಾರಕ್ಕೆ ಹಿಡಿದಳು. ಅದು ಕೂಗತೊಡಗಿತು. ಗಟಾರದ ಗುಂಟ ನಡೆದು ಗೋಡೆಯ ಬುಡದ ಕಿಂಡಿಯ ಹತ್ತಿರ ನಿಂತಳು.

"ಗ್ವಾಡಿ ಆಚೆ ಏನೈತ್ರಿ?"

"ಏನಿಲ್ರಿ, ನಮ್ಮ ಮೈಲಾರಲಿಂಗನ ಕಟ್ಟಿ. ಅಮಾಸಿಗೊಮ್ಮೆ ಅವ್ವ ಬಂದು ಕರ್ಪೂರ..."

ಅಂದು ಅಮಾವಾಸ್ಯೆ. ಕೂಲಿಯವರ ಬೆಂಕಿಪೊಟ್ಟಣ ಕಸಿದುಕೊಂಡವನಿಗೆ ಗೋಡೆಯಾಚೆಯ ಅವ್ವನ ಪೊಟ್ಟಣ ಒಂದು ದಿನವೂ ನೆನಪಾಗಿರಲಿಲ್ಲ.

ಹಿಂದಿನ ಸಣ್ಣ ಗೇಟು ತೆಗೆದಾಗ ಅವನ ಅವ್ವ ಹೊನ್ನವ್ವ ಕಟ್ಟೆಯ ಮುಂದೆ ಕುಳಿತು ಕಡ್ಡಿ ಕೈಗೆ ತೆಗೆದುಕೊಂಡಿದ್ದಳು. ಚೀರಲು ಬಾಯಿ ತೆರೆದ ರುದ್ರಮುನಿಯ ತೋಳನ್ನು ಭುವನಾ ಗಟ್ಟಿಯಾಗಿ ಹಿಡಿದಳು. ಆಮೇಲೆ, ಮನೆಯಲ್ಲಿ ಊಟಕ್ಕೆ ಕರೆಯುವ ದನಿಯಲ್ಲಿ, "ಅವ್ವಾರ, ಕಡ್ಡಿ ಗೀರಬ್ಯಾಡ್ರಿ. ಹಾಂಗ ಎದ್ದು ನನ್ನ ಕಡೆ ಬರ್ರಿ" ಎಂದಳು.

"ದೇವರ ಮುಂದ ದೀಪಾ ಹಚ್ಚಾಕ ನಿನ್ನ ಪರವಾನಗಿ ಬೇಕೇನ ತಂಗಿ?"

"ಇವತ್ತೊಂದಿನ ಬೇಕ್ರಿ."

ಹೊನ್ನವ್ವ ಮಗನ ಮುಖ ನೋಡಿದಳು. ಕಡ್ಡಿಯನ್ನು ಪೊಟ್ಟಣಕ್ಕೆ ಸೇರಿಸಿ ಎದ್ದು ಬಂದಳು.

ದೂರದ ಏರಿನ ಮೇಲೆ ಕುಳಿತಾಗ ರುದ್ರಮುನಿ ಬಿಕ್ಕಿ ಬಿಕ್ಕಿ ಅತ್ತ. ಭುವನಾ ಹೇಳಿದಳು: "ನೀವು ಚೀರಿದ್ರ ಅವ್ವಾರು ಬೆಚ್ಚಿಬಿದ್ದು ಕಡ್ಡಿ ಗೀರಿಬಿಡತಿದ್ರು." ಎಂಥ ಧೈರ್ಯ, ಎಂಥ ಬುದ್ಧಿ! ಅವನಿಗೆ ಕೈಮುಗಿಯಬೇಕೆನಿಸಿತು, ಮುಗಿದೂ ಬಿಟ್ಟ.

ಅಂದು ಕರ್ಪೂರವಿಲ್ಲ, ಭಂಡಾರವಷ್ಟೇ. ಪ್ರತಿ ಅಮಾವಾಸ್ಯೆ ಮೊದಲು ಮಗನ ಹಣೆಗೆ ಅರಿಶಿನ ಹಚ್ಚುತ್ತಿದ್ದ ಹೊನ್ನವ್ವ ಇವತ್ತು ಭುವನಾಳ ಹಣೆಗೆ ಹಚ್ಚಿದಳು. ರುದ್ರಮುನಿ ತಲೆ ಬಾಗಿಸಿ ತನ್ನ ಸರದಿಗೆ ಕಾದ.