ಚರಗದ ಪುಟ್ಟಿ

ಸೀಗೆ ಹುಣ್ಣಿಮೆಯ ದಿನ ಕೋಳಿ ಕೂಗುವ ಮೊದಲೇ ರೇಣುಕಮ್ಮ ಒಲೆ ಹಚ್ಚಿದ್ದಳು. ಬಿ.ಜಿ. ಕೆರೆಯ ಆ ಓಣಿಯಲ್ಲಿ ಅವತ್ತು ಯಾರ ಮನೆ ಒಲೆಯೂ ತಣ್ಣಗಿರಲಿಲ್ಲ. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಭೂಮ್ತಾಯಿ ತುಂಬು ಬಸುರಿ. ಅವಳ ಬಯಕೆ ತೀರಿಸಲು ಹೊಲಕ್ಕೆ ಅಡುಗೆ ಒಯ್ದು ಎರಚಬೇಕು, ಅದೇ ಚರಗ. ಭೂಮಿ ಉಣ್ಣುವ ತನಕ ಅಡುಗೆ ಮಾಡಿದವಳು ಒಂದು ಅಗುಳನ್ನೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ಉಪ್ಪು, ಖಾರ, ಹುಳಿ ಎಲ್ಲ ಕೈ ಅಂದಾಜು.

ಅಂದಾಜು ಅಂದರೇ ರೇಣುಕಮ್ಮನಿಗೆ ನಂಬಿಕೆಯಿಲ್ಲ. ಬೀಗ ಹಾಕಿ ಓಣಿ ದಾಟಿದವಳು ತಿರುಗಿ ಬಂದು ಜಗ್ಗಿ ನೋಡುವ ಹೆಂಗಸು ಅವಳು.

ಇಷ್ಟು ವರ್ಷ ಚರಗದ ಅಡುಗೆ ಮಾಡಿದ್ದೂ, ಅಡುಗೆ ತುಂಬಿದ ಬುಟ್ಟಿ, ಆ ಪುಟ್ಟಿ ಹೊತ್ತು ಮುಂದೆ ನಡೆದದ್ದೂ ಅತ್ತೆ ದುರುಗಕ್ಕ. ಈ ಸಲ ಅವರ ಮಂಡಿ ಮುಷ್ಕರ ಹೂಡಿತ್ತು. ಅಡುಗೆ ಸೊಸೆಯ ಪಾಲಿಗೆ ಬಂತು. ಪುಟ್ಟಿ ಯಾರು ಹೊರಬೇಕು ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ರೇಣುಕಮ್ಮ ಮಾತ್ರ ಹಿಂದಿನ ದಿನವೇ ಹಳೇ ಸೀರೆ ತುಂಡು ಸುತ್ತಿ, ಪುಟ್ಟಿಯ ಅಡಿಗೆ ತಲೆ ಮೇಲಿಡಲು ಒಂದು ಸಿಂಬಿ ಮಾಡಿ ಗೂಡಿನಲ್ಲಿಟ್ಟಿದ್ದಳು.

ಕುಂಬಳಕಾಯಿ ಪಲ್ಯ ಬೆಂದಿತ್ತು, ಬೆರಕೆ ಸೊಪ್ಪಿನ ಅನ್ನ ಉಮ್ಮಗಾಗುತ್ತಿತ್ತು. ಉಪ್ಪಿನ ಭರಣಿಗೆ ಕೈ ಹಾಕಿದಾಗಲೇ ಹೊರಗೆ ಕಟ್ಟೆಯ ಮೇಲೆ ಅತ್ತೆ ಪಕ್ಕದ ಮನೆಯ ನಾಗಕ್ಕನ ಜೊತೆ ಆಡುವ ಮಾತು ಕೇಳಿಸಿತು. ಅತ್ತೆಗೆ ಕಿವಿ ಮಂದ. ಅವರು ಗುಟ್ಟು ಹೇಳಿದರೆ ಮೂರು ಮನೆಗೆ ಕೇಳುತ್ತಿತ್ತು.

"ನಾಗಕ್ಕ, ಈ ಸಲ ಪುಟ್ಟಿ ನೀನೇ ಹೊತ್ತು ಕೊಡವ್ವ."

"ನಾನ್ಯಾಕೆ ದುರುಗಕ್ಕ? ಮನೇಲಿ ಸೊಸೆ ಇಲ್ವಾ?"

"ಬಸುರಿಗೆ ಉಣ್ಸೋದು ಹೆತ್ತೋಳೇ ಆಗ್ಬೇಕು ಅಂತಿದ್ರು ನಮ್ಮತ್ತೆ. ನೀನು ನಾಕು ಹೆತ್ತೋಳು. ರೇಣುಕಿ ಒಳ್ಳೇಳೇ. ಆದ್ರೆ ಹೆತ್ತಿಲ್ವಲ್ಲ."

ರೇಣುಕಮ್ಮ ಮಾತು ಮುಗಿಯುವ ತನಕ ಕೇಳಿಸಿಕೊಂಡಳು. ಕೈ ನೋಡಿಕೊಂಡಾಗ ಮುಷ್ಟಿ ಖಾಲಿ. ಉಪ್ಪು ಪಾತ್ರೆಗೆ ಬಿತ್ತೋ, ಭರಣಿಗೇ ಮರಳಿತೋ ಗೊತ್ತಾಗಲಿಲ್ಲ. ಅನ್ನಕ್ಕೆ ಹಾಕಿದ್ದೆನೋ ಇಲ್ಲವೋ, ಅದೂ ನೆನಪಾಗಲಿಲ್ಲ. ಈಗ ಇನ್ನೊಂದು ಹಿಡಿ ಹಾಕಿದರೆ ಸಮುದ್ರ, ಬಿಟ್ಟರೆ ಸಪ್ಪೆ. ರುಚಿ ನೋಡುವಂತಿಲ್ಲ. ಅವಳು ಭರಣಿಯ ಮುಚ್ಚಳ ಮುಚ್ಚಿದಳು.

ಒಳಗಿನ ಕೋಣೆಯಲ್ಲಿ ವನಜಾಕ್ಷಿ ಮಗ್ಗುಲು ಬದಲಿಸಿದ ಸದ್ದಾಯಿತು. ಏಳು ತಿಂಗಳ ಬಸುರಿ, ಚಳ್ಳಕೆರೆಯ ಗಂಡನ ಮನೆಯಿಂದ ಹಬ್ಬಕ್ಕೆ ಬಂದಿದ್ದಳು. ವನಜಾಕ್ಷಿ ರೇಣುಕಮ್ಮನ ತಂಗಿ ಹೆತ್ತ ಕೂಸು. ತಂಗಿ ಬಾಣಂತಿ ಜ್ವರದಲ್ಲಿ ಹೋದಾಗ ರೇಣುಕಮ್ಮ ಕೂಸನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದಳು. ಆಗ ಮನೆಯಲ್ಲೊಂದು ಮೋಟುಕಿವಿಯ ಆಡು ಇತ್ತು. ಅದರ ಹಾಲಿನಲ್ಲಿ ಹತ್ತಿ ಬಟ್ಟೆ ಅದ್ದಿ ಅದ್ದಿ ಕೂಸಿನ ತುಟಿಗೆ ಹಿಂಡುತ್ತಿದ್ದಳು. ಬರಬರುತ್ತಾ ಕೂಸು ಅತ್ತರೆ ಸಾಕು, ಆ ಆಡು ಎಲ್ಲಿದ್ದರೂ ಬಂದು ಹೊಸ್ತಿಲ ಮೇಲೆ ನಿಲ್ಲುತ್ತಿತ್ತು. ಶೇಂಗಾ ಕೀಳುವ ದಿನಗಳಲ್ಲಿ ಹೊಲದ ಬೇವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ, ಒಂದು ಸಾಲು ಕಿತ್ತು ಬಂದು ಒಂದು ಸಲ ತೂಗುತ್ತಿದ್ದಳು. ಜೋಲಿಯಿಂದ ಆಡಿನ ಹಾಲಿನ ವಾಸನೆ, ಅವಳ ಕೈಯಿಂದ ಹಸಿ ಮಣ್ಣಿನ ವಾಸನೆ. ಅದಕ್ಕಿಂತ ಹೆಚ್ಚಿನ ಸುಖ ಬೇರೆ ಇದೆ ಅಂತ ಅವಳಿಗೆ ಅನಿಸಿದ್ದೇ ಇಲ್ಲ. ಆದರೂ ಯಾರಾದರೂ "ನಿಮಗೆಷ್ಟು ಮಕ್ಕಳು" ಅಂದರೆ ಉತ್ತರ ಕೊಡುವ ಮೊದಲು ಅತ್ತೆಯ ಮುಖ ನೋಡುತ್ತಿದ್ದಳು.

ಎದ್ದು ಬಂದ ವನಜಾಕ್ಷಿ ಅವ್ವನ ಮುಖ ನೋಡಿದಳು, ಗೂಡಿನಲ್ಲಿದ್ದ ಸಿಂಬಿ ನೋಡಿದಳು. ಕಟ್ಟೆಯ ಮಾತು ಅವಳಿಗೂ ಕೇಳಿಸಿತ್ತು.

ಬಿಸಿಲು ಏರುವ ಮುಂಚೆ ಪುಟ್ಟಿ ತುಂಬಿತು. ಸಜ್ಜೆ ರೊಟ್ಟಿ, ಪಲ್ಯ, ಅನ್ನ, ಮೇಲೆ ಬಿಳಿ ವಸ್ತ್ರ. ನಾಗಕ್ಕ ಸೆರಗು ಕಟ್ಟಿ ಬಗ್ಗಿದಳು.

"ಸ್ವಲ್ಪ ತಡಿಯಕ್ಕ," ಅಂದಳು ವನಜಾಕ್ಷಿ. "ಅಜ್ಜಿ, ನಂಗೊಂದು ಹೇಳು. ಶೇಂಗಾ ಹೂ ಎಲ್ಲಿ ಬಿಡ್ತದೆ?"

"ಗಿಡದ ಮ್ಯಾಲೆ. ಚಳ್ಳಕೆರೆಗೆ ಹೋಗಿ ಅದೂ ಮರ್ತ್ಯಾ?"

"ಕಾಯಿ?"

"ಮಣ್ಣಾಗೆ."

"ಹೂ ಬಿಟ್ಟೋರೊಬ್ರು, ಹೊಟ್ಟೇಲಿಟ್ಕೊಂಡು ಬೆಳ್ಸೋರೊಬ್ರು. ಅಲ್ವಾ? ತಾನು ಹೂ ಬಿಟ್ಟಿಲ್ಲ ಅಂತ ಭೂಮಿಗೆ ತಾಯಿ ಅನ್ನೋದು ಬಿಡ್ತೀಯಾ?"

ದುರುಗಕ್ಕ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು. ಕಿವಿ ಮಂದ ಅನ್ನುವುದು ಅವರಿಗೆ ಬೇಕಾದಾಗ ಆಸರೆಯಾಗುತ್ತಿತ್ತು. ಈ ಸಲ ಆಗಲಿಲ್ಲ, ಮೊಮ್ಮಗಳು ಕಿವಿಯ ಹತ್ತಿರವೇ ಹೇಳಿದ್ದಳು.

ನಾಗಕ್ಕ ನೆಟ್ಟಗಾಗಿ ಸೊಂಟ ಹಿಡಿದುಕೊಂಡಳು. "ಅಯ್ಯೋ, ನಾಕು ಹೆತ್ತ ಸೊಂಟ ಇದು ದುರುಗಕ್ಕ, ಇವತ್ತು ಬಗ್ಗಾಕಿಲ್ಲ ಅಂತೈತೆ. ನೀವು ಅತ್ತೆ ಸೊಸೆ ಏನಾದ್ರೂ ಮಾಡ್ಕಳ್ರಿ."

"ನಿನ್ನೆ ಮೂಟೆ ಎತ್ತುವಾಗ ಬಗ್ತಿತ್ತಲ್ಲ," ಅಂದ ರೇಣುಕಮ್ಮನ ಗಂಡ ಬೊಮ್ಮಣ್ಣ.

"ಅದು ನಿನ್ನೆ ಸೊಂಟ."

ದುರುಗಕ್ಕ ಮೂಲೆಗೆ ಉಗಿದು ಬಂದರು. "ಎತ್ಕಳೇ ರೇಣುಕಿ," ಅಂದರು, ಮುಖ ನೋಡದೆ. "ಬಿಸ್ಲಾತು."

ಪುಟ್ಟಿ ತಲೆಗೇರಿತು. ರೇಣುಕಮ್ಮನಿಗೆ ಸಂತೋಷಪಡಲು ಧೈರ್ಯ ಬರಲಿಲ್ಲ. ಹೆಜ್ಜೆ ಹೆಜ್ಜೆಗೂ ಒಂದೇ ಲೆಕ್ಕ: ಹಾಕಿದೆನೋ, ಇಲ್ಲವೋ. ಅಡುಗೆ ಕೆಟ್ಟಿದ್ದರೆ ನಾಳೆಯಿಂದ ಮಾತು ಒಂದೇ, ಹೆರದವಳ ಕೈಯಲ್ಲಿ ಹೊರಿಸಿದ್ದಕ್ಕೇ ಹಿಂಗಾತು. ದಾರಿಯ ಎರಡೂ ಕಡೆ ತಂಗಡಿ ಹೂ ಹಳದಿಯಾಗಿ ಬಿಟ್ಟಿತ್ತು, ಗಾಳಿ ತಂಪಾಗಿತ್ತು. ಅವಳು ಯಾವುದನ್ನೂ ನೋಡಲಿಲ್ಲ. ಹಿಂದೆ ಬೊಮ್ಮಣ್ಣನ ಎತ್ತಿನ ಗಾಡಿಯಲ್ಲಿ ಅಜ್ಜಿ ಮೊಮ್ಮಗಳು ಕಾಲು ಇಳಿಬಿಟ್ಟು ಕೂತಿದ್ದರು. ಇಬ್ಬರ ಕಾಲೂ ಊದಿದ್ದವು.

ಹೊಲದಲ್ಲಿ ಪೂಜೆಯಾಯಿತು. ಬೊಮ್ಮಣ್ಣ ಬದುವಿನುದ್ದಕ್ಕೂ "ಹುಲಿಗೋ" ಅಂತ ಚರಗದ ಕೂಗು ಹಾಕುತ್ತಾ ಅನ್ನ ಎರಚಿದ. ಹಿಂದೆ ನೀರು ಚಿಮುಕಿಸುತ್ತಾ ಬಂದ ರೇಣುಕಮ್ಮ ಪ್ರತಿ ವರ್ಷದಂತೆ ತುಟಿಯೊಳಗೇ "ಹುಲಿಗೋ" ಅಂದುಕೊಂಡಳು. ಆಮೇಲೆ ಬೇವಿನ ನೆರಳಲ್ಲಿ ಎಲ್ಲರೂ ಉಣ್ಣಲು ಕೂತರು.

ಮೊದಲ ತುತ್ತು ದುರುಗಕ್ಕನ ಬಾಯಿಗೆ ಹೋಯಿತು. ಜಗಿದರು. ನಿಲ್ಲಿಸಿದರು. ಮತ್ತೆ ಜಗಿದರು. ಬೊಮ್ಮಣ್ಣ ತಟ್ಟೆ ನೋಡಿಕೊಂಡ. ನಾಗಕ್ಕ ಆಕಾಶ ನೋಡಿದಳು.

ರೇಣುಕಮ್ಮ ಒಂದು ಅಗುಳು, ಒಂದು ಚೂರು ಪಲ್ಯ ಬಾಯಿಗಿಟ್ಟಳು. ಪಲ್ಯದಲ್ಲೂ ಇಲ್ಲ, ಅನ್ನದಲ್ಲೂ ಇಲ್ಲ. ಒಂದು ಹರಳು ಉಪ್ಪಿಲ್ಲ.

"ಅವ್ವ, ಇನ್ನೊಂದು ಸೌಟು ಪಲ್ಯ ಹಾಕು," ಅಂದಳು ವನಜಾಕ್ಷಿ. ಅವಳ ತಟ್ಟೆ ಆಗಲೇ ಖಾಲಿ. "ನೀನೊಬ್ಳೇ ನೋಡು ನೆನಪಿಟ್ಕೊಂಡಿದ್ದು. ಕಾಲು ಊದ್ಯಾವೆ, ಉಪ್ಪು ಬಿಡು ಅಂತ ಆಸ್ಪತ್ರೆ ಸಿಸ್ಟರ್ ಹೇಳಿ ತಿಂಗ್ಳಾತು. ಎಲ್ಲಾರ ಮನೇಲೂ ಬಾ ಬಾ ಅಂತ ಕರ್ದು ಉಪ್ಪೇ ಉಣ್ಸಿದ್ರು."

"ನಾನು ಬೇಕಂತ..." ರೇಣುಕಮ್ಮ ನಿಜ ಹೇಳಲು ಬಾಯಿ ತೆರೆದಳು. "ಇಲ್ಲ ಅತ್ತೆ, ನಾನು ಮರ್ತು..."

ದುರುಗಕ್ಕ ಕೈ ಎತ್ತಿ ತಡೆದರು. ಮೊಮ್ಮಗಳ ಪಾದ ನೋಡಿದರು, ತಮ್ಮ ಪಾದ ನೋಡಿಕೊಂಡರು, ಆಮೇಲೆ ಹೊಲದ ಕಡೆ ನೋಡಿದರು.

"ಇಷ್ಟು ವರ್ಷ ನಾನು ಹಿಡಿ ಹಿಡಿ ಸುರಿದೆ," ಅಂದರು. "ಪಾಪ, ಭೂಮ್ತಾಯಿ ಕಾಲು ಎಷ್ಟು ಊದಿದ್ವೋ. ಬಸುರಿಗೆ ಏನು ಬೇಕು ಅಂತ ಕೇಳಿದೋಳು ನಮ್ಮನೇಲಿ ಇವಳೊಬ್ಳೇ."

"ಮರ್ತೆ ಅಂತ ಹೇಳ್ತಾ ಇದ್ದಾಳಲ್ಲವ್ವ," ಅಂದ ಬೊಮ್ಮಣ್ಣ.

"ನಂಗೆ ಕೇಳ್ಸಲಿಲ್ಲ. ನೀನು ಉಣ್ಣಲೇ. ಮುಂದಿನ ವರ್ಷಾನೂ ಪುಟ್ಟಿ ಇವಳದೇ."

ನಾಗಕ್ಕ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡಳು. ಬೊಮ್ಮಣ್ಣ ನಾಲ್ಕು ಗಿಡ ಕಿತ್ತು, ಒಣ ಹುಲ್ಲಿಗೆ ಬೆಂಕಿ ಹಾಕಿ ಹಸಿ ಕಾಯಿ ಸುಟ್ಟ. ಬೂದಿಯಲ್ಲಿ ಕೈ ಕಪ್ಪಾಗಿಸಿಕೊಂಡು ಎಲ್ಲರೂ ಸಿಪ್ಪೆ ಬಿಡಿಸಿದರು. ಹಾಲು ತುಂಬಿದ ಎಳೆಯ ಬೀಜ, ಅದಕ್ಕೆ ಉಪ್ಪೇ ಬೇಕಿರಲಿಲ್ಲ.

ಪುಟ್ಟಿಯ ತಳದಲ್ಲಿ ಒಂದು ಹಿಡಿ ಅನ್ನ ಉಳಿದಿತ್ತು. ರೇಣುಕಮ್ಮ ಅದನ್ನು ತೆಗೆದುಕೊಂಡು, ಜೋಲಿ ಕಟ್ಟುತ್ತಿದ್ದ ಕೊಂಬೆಯ ಕೆಳಗಿಂದ ಹೊಲದ ನಡುವಿಗೆ ನಡೆದಳು. ಒಮ್ಮೆ ಹಿಂದಕ್ಕೆ ನೋಡಿದಳು, ಅತ್ತೆಯ ಮುಖ ಅಲ್ಲ, ಮಗಳ ಮುಖ. ಆಮೇಲೆ ಎದೆ ತುಂಬ ಗಾಳಿ ಎಳೆದುಕೊಂಡು, ಅನ್ನ ಎತ್ತರಕ್ಕೆ ಎರಚಿ ಕೂಗಿದಳು.

"ಹುಲಿಗೋ... ಓ ಹುಲಿಗೋ..."

ಪಕ್ಕದ ಹೊಲದವರು ಉಣ್ಣುವುದು ಬಿಟ್ಟು ಎದ್ದು ನಿಂತು ನೋಡಿದರು. ಅದರಾಚೆಯ ಹೊಲದಿಂದ ಯಾರೋ ತಿರುಗಿ ಕೂಗಿದರು. ಅವಳು ಇನ್ನೊಮ್ಮೆ ಕೂಗಿದಳು, ಮೊದಲಿಗಿಂತ ಜೋರಾಗಿ.